ಬಾಳೆಹಣ್ಣಿನ ಎಳೆಯಿಂದ ಬಿಟಿ ಹತ್ತಿಯವರೆಗೆ: ಜೀನ್ ವಿದ್ಯೆಯನ್ನು ಕೈಯಾರೆ ಕಲಿಯುವ ಮಾರ್ಗದರ್ಶಿ

ಪ್ರತಿ ವರ್ಷ ಜೂನ್‌ನಲ್ಲಿ ಮೊದಲ ಮಳೆ ಬಿದ್ದು ಬೀಜದಂಗಡಿಗಳ ಮುಂದೆ ಜನ ಕೂಡುವ ಹೊತ್ತಿಗೆ ನನ್ನ ಪಿಯುಸಿ ಕ್ಲಾಸಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಬಿಟಿ ಅಂದ್ರ ಬೀಜಕ್ಕ ಹಚ್ಚಿದ ಔಷಧೇನ್ರಿ?" ಕೇಳುವವನು ರಾಯಚೂರು ಸೀಮೆಯವನೇ, ರಜೆಯಲ್ಲಿ ಹತ್ತಿ ಬಿಡಿಸಿ ಕಾಲೇಜಿನ ಫೀಸು ಹೊಂದಿಸಿದವನು. ಆದರೂ ಪ್ರಶ್ನೆ ದಡ್ಡತನದ್ದಲ್ಲ. ಪ್ಯಾಕೆಟ್ ಒಡೆದರೆ ಬಣ್ಣದ ಬೀಜ ಕಾಣುತ್ತದೆ, ಬಣ್ಣ ಕೈಗೆ ಅಂಟುತ್ತದೆ. ಅದೇ ಬಿಟಿ ಎಂದು ನಂಬಿದ ಹಿರಿಯರೂ ಊರಲ್ಲಿದ್ದಾರೆ.

ಬಣ್ಣ ಬೀಜೋಪಚಾರದ ಔಷಧಿಯದು, ತೊಳೆದರೆ ಹೋಗುತ್ತದೆ. ಬಿಟಿ ಹೋಗುವುದಿಲ್ಲ. ಅದು ಬೀಜದ ಒಂದೊಂದು ಜೀವಕೋಶದ ಒಳಗೆ, ಡಿಎನ್‌ಎಯಲ್ಲಿ ಬರೆದಿಟ್ಟ ಬರಹ, ಕಾಯಿಕೊರಕ ಹುಳುವನ್ನು ಸಾಯಿಸುವ ಪ್ರೊಟೀನ್ ಮಾಡಿಸುವಂಥದು. ಇಷ್ಟನ್ನು ಬಾಯಲ್ಲಿ ಹೇಳಿ ಮುಗಿಸಬಹುದು. ಪರೀಕ್ಷೆಯ ಮರುದಿನ ಮರೆತೂ ಹೋಗುತ್ತದೆ. ಹಾಗಾಗಿ ಕೆಲವು ವರ್ಷಗಳಿಂದ ನಾನು ಇದನ್ನು ಕೈಯಿಂದ ಮಾಡಿಸುತ್ತೇನೆ: ಡಿಎನ್‌ಎ ನೋಡುವುದು, ಓದುವುದು, ಕತ್ತರಿಸಿ ಅಂಟಿಸುವುದು, ಕೊನೆಗೆ ಹೊಲಕ್ಕೆ ಹೋಗಿ ಎಲೆಯಲ್ಲಿ ಹುಡುಕುವುದು. ಅಡುಗೆಮನೆ, ಕಾಗದ, ಕತ್ತರಿ, ಒಂದಿಷ್ಟು ಕಾಳು ಇದ್ದರೆ ಹೆಚ್ಚಿನದೆಲ್ಲ ಮನೆಯಲ್ಲೇ ಆಗುತ್ತದೆ. ಹೆಜ್ಜೆಗಳ ಕ್ರಮ ಮಾತ್ರ ತಪ್ಪಿಸಬೇಡಿ.

ಹೆಜ್ಜೆ 1: ಡಿಎನ್‌ಎಯನ್ನು ಕಣ್ಣಾರೆ ನೋಡಿ

ಚೆನ್ನಾಗಿ ಕಳಿತ ಅರ್ಧ ಬಾಳೆಹಣ್ಣು, ಅರ್ಧ ಲೋಟ ನೀರು, ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ತೆಳು ಪಂಚೆಯ ತುಂಡು, ಎತ್ತರದ ಗಾಜಿನ ಲೋಟ, ಒಂದು ಬಿದಿರಿನ ಕಡ್ಡಿ. ಇದರ ಜೊತೆ ಮೆಡಿಕಲ್ ಶಾಪಿನಿಂದ 100 ಎಂಎಲ್ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಶೇ 70ರದ್ದೂ ನಡೆಯುತ್ತದೆ; ಶೇ 90 ದಾಟಿದ್ದು ಸಿಕ್ಕರೆ ಎಳೆ ಗಟ್ಟಿಯಾಗಿ ಕಟ್ಟುತ್ತದೆ. ಸ್ಯಾನಿಟೈಸರ್ ಜೆಲ್ ತರಬೇಡಿ, ಅದರಲ್ಲಿ ಎಳೆ ಯಾವುದು, ಅಂಟು ಯಾವುದು ಗೊತ್ತಾಗುವುದಿಲ್ಲ.

ಆಲ್ಕೋಹಾಲ್ ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿಗೆ ಹಾಕಿ. ಅದು ಗಡ್ಡೆ ಕಟ್ಟುವುದಿಲ್ಲ, ಹೆದರಬೇಡಿ. ಬೇರೆ ಊರಿನವರು ಈ ಮಾತನ್ನು ಮರೆತರೂ ನಡೆದೀತು, ನಮ್ಮಲ್ಲಿ ನಡೆಯದು. ಏಪ್ರಿಲ್-ಮೇ ತಿಂಗಳಲ್ಲಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಆಲ್ಕೋಹಾಲ್ ಉಗುರುಬೆಚ್ಚಗಾಗಿರುತ್ತದೆ, ಅದರಲ್ಲಿ ಡಿಎನ್‌ಎ ನೆಟ್ಟಗೆ ಗಂಟು ಕಟ್ಟುವುದಿಲ್ಲ. ಬೆಳಗಿನ ತಂಪಿನಲ್ಲೇ ಮಾಡಿ. ಇದು ಬೇಗ ಹೊತ್ತಿಕೊಳ್ಳುವ ದ್ರವ, ಹತ್ತಿರದಲ್ಲಿ ಒಲೆ ಉರಿಯುತ್ತಿರಬಾರದು. ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವ ತಪ್ಪನ್ನಂತೂ ಮಾಡಲೇಬೇಡಿ.

ಹಣ್ಣನ್ನು ನೀರು, ಉಪ್ಪಿನ ಜೊತೆ ಗಂಟಿಲ್ಲದಂತೆ ಕಿವುಚಿ. ಮಿಕ್ಸಿಯಲ್ಲಿ ತಿರುವುವುದಾದರೆ ಐದು ಸೆಕೆಂಡು ಸಾಕು, ಜಾಸ್ತಿಯಾದರೆ ಎಳೆಗಳು ತುಂಡಾಗುತ್ತವೆ. ಈಗ ಲಿಕ್ವಿಡ್ ಹಾಕಿ, ನೊರೆ ಏಳದಂತೆ ಚಮಚದಲ್ಲಿ ಮೆಲ್ಲಗೆ ತಿರುವುತ್ತ ಹತ್ತು ನಿಮಿಷ ಬಿಡಿ. ಬಟ್ಟೆ ಒದ್ದೆ ಮಾಡಿ ಲೋಟಕ್ಕೆ ಸೋಸಿ, ಹಿಂಡಬೇಡಿ, ತಾನಾಗಿ ಇಳಿಯಲಿ. ಎರಡು ಬೆರಳೆತ್ತರ ರಸ ಬಂದರೆ ಸಾಕು. ಲೋಟವನ್ನು ಓರೆ ಹಿಡಿದು, ಗೋಡೆಗುಂಟ ಇಳಿಯುವಂತೆ ಅಷ್ಟೇ ಪ್ರಮಾಣದ ತಣ್ಣನೆಯ ಆಲ್ಕೋಹಾಲ್ ಸುರಿಯಿರಿ. ಹಗುರವಾದ್ದರಿಂದ ಅದು ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಈಗ ಕೈ ಕಟ್ಟಿ ಕೂತುಕೊಳ್ಳಿ.

ಎರಡು ಮೂರು ನಿಮಿಷಕ್ಕೆ ಎರಡೂ ಪದರ ಕೂಡುವ ಗೆರೆಯಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಆಮೇಲೆ ಗುಳ್ಳೆಗಳಿಗೆ ಸಿಕ್ಕಿಹಾಕಿಕೊಂಡಂತೆ ಬಿಳಿ ಎಳೆಗಳು ಮೇಲೇಳುತ್ತವೆ, ಒದ್ದೆ ಅರಳೆಯನ್ನು ನೀರಲ್ಲಿ ಬಿಟ್ಟರೆ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಕಡ್ಡಿ ಇಳಿಸಿ ಒಂದೇ ದಿಕ್ಕಿಗೆ ತಿರುಗಿಸಿದರೆ ಸುತ್ತಿಕೊಳ್ಳುತ್ತವೆ. ಕ್ಲಾಸಿನ ಗದ್ದಲ ತಾನಾಗಿ ನಿಲ್ಲುವುದು ಈ ಹೊತ್ತಿನಲ್ಲೇ.

ಆದದ್ದು ಇಷ್ಟು. ಜೀವಕೋಶದ ಪೊರೆ ಜಿಡ್ಡಿನದು, ಎಣ್ಣೆ ಪಾತ್ರೆಯ ಜಿಡ್ಡನ್ನು ತೆಗೆಯುವ ಲಿಕ್ವಿಡ್ ಅದನ್ನೂ ಕರಗಿಸುತ್ತದೆ. ಡಿಎನ್‌ಎ ಎಳೆಯ ಮೈತುಂಬ ಋಣ ವಿದ್ಯುದಂಶ ಇರುವುದರಿಂದ ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನ ಸೋಡಿಯಂ ನಡುವೆ ಬಂದು ಆ ಜಗಳ ತಣಿಸುತ್ತದೆ. ನೀರಲ್ಲಿ ಕರಗಿದ್ದ ಡಿಎನ್‌ಎ ಆಲ್ಕೋಹಾಲಿನಲ್ಲಿ ಕರಗದೆ ಗುಂಪುಗೂಡಿ ಹೊರಬೀಳುತ್ತದೆ. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು: ಕಡ್ಡಿಗೆ ಸುತ್ತಿದ್ದು ಶುದ್ಧ ಡಿಎನ್‌ಎ ಅಲ್ಲ. ಆರ್‌ಎನ್‌ಎ, ಒಂದಿಷ್ಟು ಪ್ರೊಟೀನ್, ಹಣ್ಣಿನ ಪೆಕ್ಟಿನ್ ಎಲ್ಲ ಅದರಲ್ಲಿ ಬೆರೆತಿರುತ್ತದೆ. ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ ಸ್ವಿಸ್ ವಿಜ್ಞಾನಿ ಫ್ರೀಡ್ರಿಖ್ ಮೀಷರ್‌ಗೆ 1869ರಲ್ಲಿ ಸಿಕ್ಕಿದ್ದೂ ಇಂಥದೇ ಬೆರಕೆ ಪದಾರ್ಥ. ಅವನು ಅದನ್ನು ತೆಗೆದದ್ದು ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ. ನಮಗೆ ಬಾಳೆಹಣ್ಣು ಸಿಕ್ಕಿದ್ದು ಪುಣ್ಯ.

ಹತ್ತಿಯ ನಾಡಿನಲ್ಲಿ ಬಾಳೆಹಣ್ಣು ಯಾಕೆ ಅಂದಿರಾ? ಮೊದಲ ವರ್ಷ ನನಗೂ ಅದೇ ಹುರುಪು. ಹೊಲದಿಂದ ಬಲಿತ ಹತ್ತಿ ಎಲೆ ತರಿಸಿ, ಎಂಬತ್ತು ಹುಡುಗರ ಎದುರು ಅರೆದು, ಸೋಸಿ, ಆಲ್ಕೋಹಾಲ್ ಸುರಿದೆ. ಬಿಳಿ ಎಳೆ ಬರಲಿಲ್ಲ. ತಳದಲ್ಲಿ ಹುಣಸೆ ರಸದಂಥ ಕಂದು ಲೋಳೆ ಕೂತಿತು. ಹಿಂದಿನ ಬೆಂಚಿನಿಂದ "ಸರ್, ಚಾ ಆತ್ರಿ" ಎಂಬ ದನಿ ಬಂತು. ಹತ್ತಿ ಎಲೆಯಲ್ಲಿ ಗಾಸಿಪಾಲ್ ಮತ್ತು ಬೇರೆ ಫಿನಾಲಿಕ್ ರಾಸಾಯನಿಕಗಳು ತುಂಬಿರುತ್ತವೆ. ಎಲೆ ಅರೆದ ಕೂಡಲೇ ಅವು ಗಾಳಿಗೆ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಇದಕ್ಕಾಗಿಯೇ ಎಳೆ ಎಲೆ ಆರಿಸಿ, ಸಿಟಿಎಬಿ ಎಂಬ ಬೇರೆ ಜಾತಿಯ ಸೋಪು ಮತ್ತು ಫಿನಾಲಿಕ್‌ಗಳನ್ನು ಹಿಡಿದುಕೊಳ್ಳುವ ಪಿವಿಪಿ ಪುಡಿ ಬಳಸುತ್ತಾರೆ. ಬಾಳೆ ಸಿಗದಿದ್ದರೆ ಉಳ್ಳಾಗಡ್ಡಿ ತೆಗೆದುಕೊಳ್ಳಿ. ಅದರ ಡಿಎನ್‌ಎ ಬರಹದ ಒಂದು ಪ್ರತಿಯಲ್ಲಿ ಸುಮಾರು 1,600 ಕೋಟಿ ಅಕ್ಷರಗಳಿವೆ, ಮನುಷ್ಯನದರಲ್ಲಿ 300 ಕೋಟಿಗೆ ಸ್ವಲ್ಪ ಹೆಚ್ಚು. ಅಕ್ಷರ ಜಾಸ್ತಿ ಇದ್ದ ಮಾತ್ರಕ್ಕೆ ಜಾಣತನ ಜಾಸ್ತಿ ಅಲ್ಲ ಎಂದು ಹುಡುಗರಿಗೆ ಹೇಳಲು ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಹೆಜ್ಜೆ 2: ಅಕ್ಷರ ಕೂಡಿಸಿ ಓದಿ

ಡಿಎನ್‌ಎಯ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಎರಡು ಎಳೆಗಳು ಹುರಿಗೊಂಡಿರುತ್ತವೆ. ಒಂದರಲ್ಲಿ ಎ ಇದ್ದಲ್ಲಿ ಎದುರಿನದರಲ್ಲಿ ಟಿ, ಜಿ ಇದ್ದಲ್ಲಿ ಸಿ. ರೊಸಾಲಿಂಡ್ ಫ್ರ್ಯಾಂಕ್ಲಿನ್ ಅವರ ಎಕ್ಸ್-ರೇ ಚಿತ್ರದ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬಿಡಿಸಿದ ಒಗಟು ಇದೇ. ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಬರೆದುಬಿಡಬಹುದು. ಜೀವಕೋಶ ಒಡೆದು ಎರಡಾಗುವಾಗ ನಕಲು ತೆಗೆಯುವುದು ಹೀಗೆಯೇ.

ನೋಟ್‌ಬುಕ್ಕಿನಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಮೇಲಿನ ಸಾಲಿನಲ್ಲಿ ಇದನ್ನು ಬರೆಯಿರಿ:

ಎಟಿಜಿ ಜಿಎಎ ಟಿಟಿಸಿ ಟಿಜಿಎ

ಕೆಳಗಿನ ಸಾಲನ್ನು ನೀವೇ ತುಂಬಿ, ಆಮೇಲೆ ಹೋಲಿಸಿ ನೋಡಿ: ಟಿಎಸಿ ಸಿಟಿಟಿ ಎಎಜಿ ಎಸಿಟಿ.

ಈ ಬರಹದಿಂದ ಪ್ರೊಟೀನ್ ಆಗುವ ಬಗೆಯನ್ನು ನಾನು ಪಹಣಿಯ ಲೆಕ್ಕದಲ್ಲಿ ಹೇಳುತ್ತೇನೆ. ಮೂಲ ದಾಖಲೆ ರೆಕಾರ್ಡ್ ರೂಮ್ ಬಿಟ್ಟು ಹೊರಗೆ ಬರುವುದಿಲ್ಲ. ನಮಗೆ ಸಿಗುವುದು ನಕಲು, ಬ್ಯಾಂಕಿನ ಕೆಲಸ ನಡೆಯುವುದು ನಕಲಿನ ಮೇಲೆ. ಡಿಎನ್‌ಎ ಕೋಶಕೇಂದ್ರದಲ್ಲೇ ಕೂತಿರುತ್ತದೆ. ಅದರ ನಕಲು ಎಂಆರ್‌ಎನ್‌ಎ ಹೊರಗೆ ಬಂದು ರೈಬೋಸೋಮ್ ಎಂಬ ಯಂತ್ರಕ್ಕೆ ಸಿಗುತ್ತದೆ. ನಕಲಿನಲ್ಲಿ ಒಂದೇ ಬದಲಾವಣೆ, ಟಿ ಇದ್ದಲ್ಲಿ ಯು. ನಮ್ಮ ಪಟ್ಟಿಯ ನಕಲು ಎಯುಜಿ ಜಿಎಎ ಯುಯುಸಿ ಯುಜಿಎ ಆಗುತ್ತದೆ.

ರೈಬೋಸೋಮ್ ಮೂರು ಮೂರು ಅಕ್ಷರ ಓದುತ್ತದೆ. ಎಯುಜಿ ಅಂದರೆ ‘ಶುರು ಮಾಡು, ಮೆಥಿಯೋನಿನ್ ಹಾಕು’. ಜಿಎಎ ಅಂದರೆ ಗ್ಲುಟಾಮಿಕ್ ಆಮ್ಲ. ಯುಯುಸಿ ಅಂದರೆ ಫಿನೈಲ್ ಅಲನಿನ್. ಯುಜಿಎ ಅಂದರೆ ‘ಸಾಕು, ನಿಲ್ಲಿಸು’. ಮೆಥಿಯೋನಿನ್‌ನಂಥ ಇವು ಅಮೈನೋ ಆಮ್ಲಗಳು, ಪ್ರೊಟೀನ್ ಸರದ ಮಣಿಗಳು. ಮೂರು ಮಣಿಯ ಪುಟ್ಟ ಸರ ತಯಾರಾಯಿತು. ಹೀಗೆ ಒಂದು ಪ್ರೊಟೀನಿಗೆ ಬೇಕಾದ ಬರಹದ ತುಂಡೇ ಜೀನ್. ನಿಜವಾದ ಪ್ರೊಟೀನುಗಳಲ್ಲಿ ಇಂಥ ಮಣಿಗಳು ನೂರಾರು, ಕೆಲವದರಲ್ಲಿ ಸಾವಿರಾರು. ನಾಲ್ಕು ಅಕ್ಷರಗಳಿಂದ ಮೂರಕ್ಷರದ ಪದ 64 ಆಗುತ್ತವೆ. 61 ಪದ ಮಣಿಗಳಿಗೆ, 3 ಪದ ನಿಲ್ಲಿಸಲು. ಈ ನಿಘಂಟು ಬಿಡಿಸಿದವರಲ್ಲಿ ಹರಗೋವಿಂದ ಖೊರಾನಾ ಒಬ್ಬರು, 1968ರಲ್ಲಿ ನೊಬೆಲ್ ಹಂಚಿಕೊಂಡರು. ಹುಟ್ಟೂರು ರಾಯ್‌ಪುರ, ಈಗ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಹಳ್ಳಿ. ಉತ್ತರ ಪತ್ರಿಕೆಯಲ್ಲಿ ಅದನ್ನು ರಾಯಚೂರು ಎಂದು ಬರೆದ ಪುಣ್ಯಾತ್ಮನಿಗೆ ಅಂಕ ಕೊಡಲಾಗಲಿಲ್ಲ, ಬೈಯಲೂ ಮನಸ್ಸು ಬರಲಿಲ್ಲ.

ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡವೇ ಸಾಕು. ಮೂರಕ್ಷರದ ನಾಲ್ಕು ಪದ ಬರೆಯಿರಿ: ಅವಳು ಮನೆಗೆ ಹತ್ತಿಯ ತಂದಳು. ಇದರಲ್ಲಿ ಒಂದು ‘ಹ’ ಬದಲಾಗಿ ‘ಬ’ ಆದರೆ ಅವಳು ಮನೆಗೆ ಬತ್ತಿಯ ತಂದಳು. ವಾಕ್ಯ ನಿಲ್ಲುತ್ತದೆ, ಅರ್ಥ ಬೇರೆ. ಹಿಮೋಗ್ಲೋಬಿನ್ ಜೀನಿನಲ್ಲಿ ಜಿಎಜಿ ಇದ್ದದ್ದು ಜಿಟಿಜಿ ಆದರೆ ಕುಡಗೋಲು ರಕ್ತಕಣದ ಕಾಯಿಲೆ ಬರುವುದು ಹೀಗೆ, ಒಂದೇ ಅಕ್ಷರಕ್ಕೆ. ಈಗ ಬದಲಾಯಿಸುವ ಬದಲು ‘ಮ’ವನ್ನು ತೆಗೆದೇಬಿಡಿ, ಆದರೆ ಮೂರು ಮೂರೇ ಓದಿ: ಅವಳು ನೆಗೆಹ ತ್ತಿಯತಂ ದಳು. ಅಲ್ಲಿಂದ ಮುಂದಿನದೆಲ್ಲ ಕೆಟ್ಟಿತು. ಈ ಎರಡು ಬಗೆಯ ತಪ್ಪುಗಳ ಅಂತರ ನೆನಪಿಡಿ, ಕೊನೆಯ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 3: ಕತ್ತರಿಸಿ, ಅಂಟಿಸಿ

ಅದೇ ಪಟ್ಟಿಯನ್ನು ಮತ್ತೆ ನೋಡಿ. ನಡುವಿನ ಆರು ಅಕ್ಷರ ಜಿಎಎಟಿಟಿಸಿ. ಅದರ ಕೆಳಗಿನ ಎಳೆ ಸಿಟಿಟಿಎಎಜಿ. ಕೆಳಗಿನದನ್ನು ಬಲದಿಂದ ಎಡಕ್ಕೆ ಓದಿದರೆ ಮತ್ತೆ ಜಿಎಎಟಿಟಿಸಿ! ಹಂಪಿಯ ಆಸ್ಥಾನದ ತೆನಾಲಿ ರಾಮಕೃಷ್ಣನ ಬಿರುದು ‘ವಿಕಟಕವಿ’ ಎರಡು ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವಂತೆ ಇದೂ ಒಂದು ವಿಕಟಕವಿ, ಎರಡು ಎಳೆಗಳ ನಡುವೆ ಹಂಚಿಹೋದದ್ದು.

ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ಇದೆ. ಒಳನುಗ್ಗಿದ ವೈರಸ್ಸಿನ ಡಿಎನ್‌ಎಯನ್ನು ತುಂಡರಿಸಲು ಅವು ಇಟ್ಟುಕೊಂಡ ಕತ್ತರಿಗಳೇ ರಿಸ್ಟ್ರಿಕ್ಷನ್ ಎಂಜೈಮ್‌ಗಳು. ಇ. ಕೋಲಿ ಬ್ಯಾಕ್ಟೀರಿಯಾದ ‘ಇಕೋ ಆರ್ ಒನ್’ ಎಂಬ ಕತ್ತರಿ ಈ ಜಿಎಎಟಿಟಿಸಿ ಕಂಡಲ್ಲಿ ಮಾತ್ರ ಕತ್ತರಿಸುತ್ತದೆ, ಅದೂ ಎರಡೂ ಎಳೆಯಲ್ಲಿ ಜಿ ಮತ್ತು ಎ ನಡುವೆ.

ಕತ್ತರಿ ತೆಗೆದುಕೊಳ್ಳಿ. ಮೇಲಿನ ಸಾಲಿನಲ್ಲಿ ಜಿ ಆದಮೇಲೆ ಇಳಿಸಿ, ಎರಡು ಸಾಲಿನ ನಡುವೆ ಅಡ್ಡ ಹೋಗಿ, ಕೆಳಗಿನ ಸಾಲಿನಲ್ಲಿ ಬಲಗಡೆಯ ಜಿ ಮುಂಚೆ ಹೊರಬನ್ನಿ. ಕಾಗದ ಮೆಟ್ಟಿಲಿನ ಆಕಾರದಲ್ಲಿ ತುಂಡಾಗುತ್ತದೆ. ಎರಡೂ ತುದಿಯಲ್ಲಿ ಜೊತೆಯಿಲ್ಲದ ನಾಲ್ಕು ಅಕ್ಷರ ಚಾಚಿಕೊಂಡಿರುತ್ತವೆ. ಇವೇ ಅಂಟು ತುದಿಗಳು. ಇದೇ ಕತ್ತರಿಯಿಂದ ಕತ್ತರಿಸಿದ ಯಾವುದೇ ಡಿಎನ್‌ಎ, ಮನುಷ್ಯನದಿರಲಿ ಕಪ್ಪೆಯದಿರಲಿ, ಈ ತುದಿಗೆ ಹೊಂದುತ್ತದೆ. ಬೆಸುಗೆ ಹಾಕಲು ಲೈಗೇಸ್ ಎಂಬ ಎಂಜೈಮ್ ಇದೆ, ನಮಗೆ ಸೆಲ್ಲೋಟೇಪ್.

ಇನ್ನೊಂದು ಉದ್ದ ಪಟ್ಟಿಯಲ್ಲಿ ಒಂದು ಕಡೆ ಮಾತ್ರ ಈ ಆರು ಅಕ್ಷರ ಬರೆದು, ತುದಿಗಳನ್ನು ಕೂಡಿಸಿ ಬಳೆ ಮಾಡಿ. ಇದು ಪ್ಲಾಸ್ಮಿಡ್, ಬ್ಯಾಕ್ಟೀರಿಯಾದೊಳಗೆ ಪ್ರತ್ಯೇಕವಾಗಿ ಓಡಾಡುವ ಚಿಕ್ಕ ಉಂಗುರ. ಅದನ್ನೂ ಮೆಟ್ಟಿಲಾಗಿ ಕತ್ತರಿಸಿ, ಎರಡೂ ಕೊನೆಯಲ್ಲಿ ಅಂಟು ತುದಿ ಇರುವ ಬಣ್ಣದ ಕಾಗದದ ‘ಜೀನ್’ ಒಂದನ್ನು ನಡುವೆ ಕೂಡಿಸಿ. ಸ್ಟಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ 1973ರಲ್ಲಿ ಪರೀಕ್ಷಾ ನಳಿಕೆಯಲ್ಲಿ ಮಾಡಿದ ಕೆಲಸ ಇದೇ ಜಾಡಿನದು. ಐದು ವರ್ಷದಲ್ಲಿ, 1978ಕ್ಕೆ, ಬ್ಯಾಕ್ಟೀರಿಯಾದಿಂದ ಮನುಷ್ಯನ ಇನ್ಸುಲಿನ್ ಬಂತು. 1982ರಲ್ಲಿ ಅದಕ್ಕೆ ಔಷಧಿಯಾಗಿ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ ಸಕ್ಕರೆ ಕಾಯಿಲೆಯವರಿಗೆ ಹಂದಿ, ದನಗಳ ಮೇದೋಜೀರಕದಿಂದ ತೆಗೆದ ಇನ್ಸುಲಿನ್ನೇ ಗತಿ.

ಅಂಟಿಸುವಾಗ ಜಾಣ ಹುಡುಗಿಯರು ಒಂದು ತೊಡಕು ಕಂಡುಹಿಡಿಯುತ್ತಾರೆ: ಬಣ್ಣದ ತುಂಡನ್ನು ತಿರುಗಾಮುರುಗಾ ಇಟ್ಟರೂ ಕೂಡುತ್ತದೆ! ಹೌದು, ಎರಡೂ ತುದಿ ಒಂದೇ ಥರ ಇದ್ದರೆ ಜೀನ್ ತಲೆಕೆಳಗಾಗಿ ಕೂರಬಹುದು, ಆಗ ಓದಿದರೆ ಅರ್ಥವಿಲ್ಲ. ಅದಕ್ಕೇ ಎರಡು ತುದಿಗೆ ಎರಡು ಬೇರೆ ಕತ್ತರಿ ಬಳಸುತ್ತಾರೆ.

ಉಂಗುರವನ್ನು ಬ್ಯಾಕ್ಟೀರಿಯಾದೊಳಗೆ ನುಗ್ಗಿಸಲು ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತೋಯಿಸಿ, ಮಂಜುಗಡ್ಡೆಯಲ್ಲಿಟ್ಟು, ಒಂದು ನಿಮಿಷದ ಒಳಗೆ ಮುಗಿಯುವಂತೆ 42 ಡಿಗ್ರಿ ಶಾಖ ಕೊಡುತ್ತಾರೆ. "ನಮ್ ಮೇ ತಿಂಗಳ ಬಿಸಿಲು ಸಾಕಲ್ರಿ ಸರ್" ಎನ್ನುತ್ತಾರೆ ಹುಡುಗರು. ಸಾಕು, ಆದರೆ ಮಂಜುಗಡ್ಡೆ ಎಲ್ಲಿಂದ ತರುವುದು! ಒಳಹೊಕ್ಕ ಉಂಗುರ ಲಕ್ಷಕ್ಕೆ ಎಲ್ಲೋ ಕೆಲವು. ಅವನ್ನು ಆರಿಸಲು ಉಂಗುರದಲ್ಲೇ ಆಂಟಿಬಯಾಟಿಕ್ ತಡೆಯುವ ಜೀನ್ ಕೂಡಿಸಿರುತ್ತಾರೆ. ಆಂಟಿಬಯಾಟಿಕ್ ಹಾಕಿದ ತಟ್ಟೆಯಲ್ಲಿ ಉಂಗುರ ಇದ್ದದ್ದು ಬದುಕುತ್ತದೆ, ಇಲ್ಲದ್ದು ಸಾಯುತ್ತದೆ.

ಈ ಹೆಜ್ಜೆ ಕಾಗದದಲ್ಲೇ ಮುಗಿಯಬೇಕು. ಜೀವಂತ ಬ್ಯಾಕ್ಟೀರಿಯಾದಲ್ಲಿ ಜೀನ್ ಕೂಡಿಸುವುದಕ್ಕೆ ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರ ನಿಯಮಗಳಿವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಇಲ್ಲದೆ ಕೈ ಹಾಕುವಂತಿಲ್ಲ. ಆನ್‌ಲೈನ್‌ನಲ್ಲಿ ಕಿಟ್ ಕೊಂಡು ಮನೆಯಲ್ಲಿ ಮಾಡಿಬಿಡೋಣ ಎನ್ನುವ ಉತ್ಸಾಹಿಗಳಿಗೆ ನನ್ನದು ಖಂಡಿತ ಬೇಡ.

ಹೆಜ್ಜೆ 4: ಬ್ಯಾಕ್ಟೀರಿಯಾದಿಂದ ಹತ್ತಿಗೆ

ಇದು ಓದಿಕೊಳ್ಳುವ ಹೆಜ್ಜೆ, ಮಾಡುವುದೇನೂ ಇಲ್ಲ. ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಿನಲ್ಲಿ ಸಿಗುವ ಬ್ಯಾಕ್ಟೀರಿಯಾ. ರೇಷ್ಮೆ ಹುಳುಗಳು ಸಾಯುವುದನ್ನು ಬೆನ್ನುಹತ್ತಿದ ಜಪಾನಿನ ಇಶಿವಾಟಾ 1901ರಲ್ಲಿ ಇದನ್ನು ಕಂಡರು. ಜರ್ಮನಿಯ ತುರಿಂಜಿಯಾ ಪ್ರಾಂತ್ಯದಲ್ಲಿ 1911ರಲ್ಲಿ ಮತ್ತೆ ಕಂಡ ಬರ್ಲಿನರ್ ಆಮೇಲೆ ಹೆಸರಿಟ್ಟರು. ಅದು ಹರಳಿನ ರೂಪದ ಪ್ರೊಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳುವಿನ ಕರುಳು ಕ್ಷಾರೀಯ, ಅಲ್ಲಿ ಹರಳು ಕರಗಿ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ (ಪ್ರೊಟೀನ್ ಹೊಂದಿ ಕೂರುವ ತಾಣಗಳಿಗೆ) ಕಚ್ಚಿಕೊಂಡು ತೂತು ಕೊರೆಯುತ್ತದೆ. ಹುಳು ಮೇಯುವುದು ಬಿಟ್ಟು ಕೆಲ ದಿನಗಳಲ್ಲಿ ಸಾಯುತ್ತದೆ. ನಮ್ಮ ಹೊಟ್ಟೆ ಆಮ್ಲೀಯ, ಆ ಗ್ರಾಹಕಗಳೂ ಇಲ್ಲ. ಗ್ರಾಹಕ ಹೊಂದದ ಕಾರಣಕ್ಕೇ ಜಿಗಿಹುಳು, ಬಿಳಿನೊಣ, ಥ್ರಿಪ್ಸ್‌ಗಳಿಗೆ ಈ ಪ್ರೊಟೀನ್ ಏನೂ ಮಾಡದು. ‘ಬಿಟಿ ಹಾಕೀನಿ, ಹುಳಾ ಬಂತು’ ಎಂಬ ದೂರು ಕೇಳಿದಾಗ ಮೊದಲು ಕೇಳಬೇಕಾದ್ದು ಯಾವ ಹುಳ ಎಂದು.

ಆ ಪ್ರೊಟೀನಿನ ಜೀನ್‌ಗಳಲ್ಲಿ ಒಂದು ಕ್ರೈ 1 ಎಸಿ. ಅದನ್ನು ಗಿಡಕ್ಕೆ ಸಾಗಿಸಿದ ಗಾಡಿ ಅಗ್ರೋಬ್ಯಾಕ್ಟೀರಿಯಂ, ಗಿಡಗಳ ಕಾಂಡದಲ್ಲಿ ಗಂಟು ಎಬ್ಬಿಸುವ ಬ್ಯಾಕ್ಟೀರಿಯಾ. ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಡಿಎನ್‌ಎಗೆ ಸೇರಿಸುವ ವಿದ್ಯೆ ಅದಕ್ಕೆ ಹುಟ್ಟಿನಿಂದಲೇ ಬರುತ್ತದೆ; ವಿಜ್ಞಾನಿಗಳು ಗಂಟಿನ ಜೀನ್‌ಗಳನ್ನು ತೆಗೆದು ಬೇಕಾದ ಜೀನ್ ತುಂಬಿದರು. ಜೀನಿನ ಮುಂದೆ ‘ಇಲ್ಲಿಂದ ನಕಲು ತೆಗೆ’ ಎಂದು ಹೇಳುವ ಗುಂಡಿಯೂ ಬೇಕು, ಅದು ಹೂಕೋಸಿನ ಒಂದು ವೈರಸ್ಸಿನಿಂದ ಬಂತು. ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆದ ಹತ್ತಿ ತಳಿಯಿಂದ ನಮ್ಮ ತಳಿಗಳಿಗೆ ಅದನ್ನು ಕ್ರಾಸ್ ಮಾಡಿ ತಂದದ್ದು ಹಳೆಯ ತಳಿವರ್ಧನೆಯ ದಾರಿಯಲ್ಲೇ. 2002ರ ಮಾರ್ಚ್‌ನಲ್ಲಿ ಭಾರತದಲ್ಲಿ ಬಿತ್ತನೆಗೆ ಅನುಮತಿ. 2006ರಲ್ಲಿ ಕ್ರೈ 2 ಎಬಿ ಸೇರಿದ ಎರಡು ಜೀನಿನ ಬೀಜ ಬಂತು.

ನಮ್ಮ ಜಿಲ್ಲೆಗೆ ಈ ಕಥೆಯಲ್ಲಿ ಒಂದು ಪುಟ ಇದೆ. 1998ರ ನವೆಂಬರ್‌ನಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರಾಜ್ಯ ರೈತ ಸಂಘ ಸಿಂಧನೂರು ತಾಲ್ಲೂಕಿನಲ್ಲಿ ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟಿತು. ರೈತರಿಗೆ ತಿಳಿಸದೆ ಪ್ರಯೋಗ ನಡೆಸುವುದರ ವಿರುದ್ಧದ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಆಗ ಹಬ್ಬಿದ ‘ಟರ್ಮಿನೇಟರ್ ಬೀಜ’ದ ಮಾತನ್ನು ಬೇರೆ ಇಡಬೇಕು. ಮುಂದಿನ ಪೀಳಿಗೆ ಮೊಳೆಯದಂತೆ ಮಾಡುವ ಆ ತಂತ್ರಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು ನಿಜ, ಯಾವ ಬೆಳೆಯಲ್ಲೂ ಅದು ಮಾರುಕಟ್ಟೆಗೆ ಬರಲಿಲ್ಲ. ಬಿಟಿ ಹತ್ತಿಯ ಬೀಜ ಇಟ್ಟು ಬಿತ್ತಿದರೆ ಮೊಳೆಯುತ್ತದೆ. ಏನು ಮೊಳೆಯುತ್ತದೆ ಎಂಬುದು ಆರನೇ ಹೆಜ್ಜೆಯ ವಿಷಯ.

ಹೆಜ್ಜೆ 5: ಹೊಲದಲ್ಲಿ ಹುಡುಕಿ

ಗಿಡದಲ್ಲಿ ಆ ಜೀನ್ ಇದೆಯೇ ಎಂದು ತಿಳಿಯಲು ಎರಡು ದಾರಿ. ಒಂದು ಪಿಸಿಆರ್, 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದದ್ದು. ಡಿಎನ್‌ಎಯನ್ನು 95 ಡಿಗ್ರಿಗೆ ಕಾಯಿಸಿ ಎರಡೆಳೆ ಬಿಡಿಸುವುದು, 55ರ ಆಸುಪಾಸಿಗೆ ತಣಿಸಿ ಹುಡುಕುವ ಜೀನಿನ ಎರಡು ತುದಿಗೆ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಂಡು ಅಂಟಿಸುವುದು, 72ರಲ್ಲಿ ನಕಲು ತೆಗೆಯುವುದು. ಪ್ರತಿ ಸುತ್ತಿಗೆ ಎರಡುಪಟ್ಟು. 30 ಸುತ್ತಿಗೆ ಒಂದು ಪ್ರತಿ 107 ಕೋಟಿ ಆಗುತ್ತದೆ. ಇದಕ್ಕೆ ಯಂತ್ರ ಬೇಕು. ಲಿಂಗಸುಗೂರು ರಸ್ತೆಯ ನಮ್ಮ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದರೆ ಬರೀ ಟ್ರ್ಯಾಕ್ಟರ್ ನೋಡಿ ಬರಬೇಡಿ, ಈ ಯಂತ್ರದ ಬಗ್ಗೆಯೂ ಕೇಳಿ.

ಇನ್ನೊಂದು ದಾರಿ ಪಟ್ಟಿ ಪರೀಕ್ಷೆ, ನಮ್ಮ ಕೈಗೆ ನಿಲುಕುವಂಥದು. ಕೋವಿಡ್ ಕಾಲದ ಕಿಟ್ ನೆನಪಿದೆಯಲ್ಲ, ಅದೇ ತತ್ವ. ಇಲ್ಲಿ ಹಿಡಿಯುವುದು ಜೀನನ್ನಲ್ಲ, ಜೀನ್ ಮಾಡಿಸಿದ ಕ್ರೈ ಪ್ರೊಟೀನನ್ನು.

ಗಿಡದ ತುದಿಯ ಎಳೆ ಎಲೆ ಆರಿಸಿ. ಚಿಕ್ಕ ನಳಿಕೆಯ ಮುಚ್ಚಳವನ್ನು ಎಲೆಯ ಮೇಲೆ ಒತ್ತಿ ಮುಚ್ಚಿದರೆ ಒಂದು ಬಿಲ್ಲೆ ಕತ್ತರಿಸಿ ಒಳಗೆ ಬೀಳುತ್ತದೆ. ಹೀಗೆ ಎರಡು ಬಿಲ್ಲೆ. ಪ್ಲಾಸ್ಟಿಕ್ ಕಡ್ಡಿಯಿಂದ ಅರ್ಧ ನಿಮಿಷ ಅರೆದು, ಕಿಟ್ಟಿನಲ್ಲಿ ಹೇಳಿದಷ್ಟು ದ್ರಾವಣ ಹಾಕಿ ಮತ್ತೆ ಕಲಸಿ. ಚರಟ ಕೆಳಗೆ ಕೂರಲಿ. ಪಟ್ಟಿಯನ್ನು ಬಾಣದ ಗುರುತು ಕೆಳಮುಖವಾಗಿ ಇಳಿಸಿ, ಕಿಟ್ಟಿನಲ್ಲಿ ಬರೆದಷ್ಟು ಹೊತ್ತು ಬಿಡಿ, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಮೇಲಿನ ಗೆರೆ ಮೂಡಲೇಬೇಕು, ಅದು ಪಟ್ಟಿ ಸರಿಯಿದೆ ಎಂಬುದಕ್ಕೆ ಸಾಕ್ಷಿ. ಮೂಡದಿದ್ದರೆ ಪಟ್ಟಿ ಕೆಟ್ಟಿದೆ, ಬಿಸಾಡಿ. ಕೆಳಗಿನ ಗೆರೆಯೂ ಮೂಡಿದರೆ ಆ ಪ್ರೊಟೀನ್ ಇದೆ.

ಒಮ್ಮೆ ಮಾನ್ವಿ ಕಡೆ ಹೊಲದಲ್ಲಿ ಹನ್ನೆರಡು ಗಿಡ ಪರೀಕ್ಷಿಸಿದೆವು, ಹನ್ನೆರಡಕ್ಕೂ ಎರಡೆರಡು ಗೆರೆ. ಬದುವಿಗೆ ಹಚ್ಚಿದ್ದ ಬಿಟಿ ಅಲ್ಲದ ಸಾಲಿನ ಗಿಡಕ್ಕೂ! ಹೊಲದ ಯಜಮಾನ ನಕ್ಕು, "ಮಾಸ್ತರ್ರ, ನಿಮ್ ಪಟ್ಟಿ ಎಲ್ಲಾರಿಗೂ ಪಾಸ್ ಮಾಡ್ಲಿಕತ್ತದ" ಅಂದ. ನೋಡಿದರೆ ಅರೆಯುವ ಕಡ್ಡಿ ಒಂದೇ, ಒಂದು ಎಲೆಯ ರಸ ಇನ್ನೊಂದಕ್ಕೆ ಹೋಗಿತ್ತು. ಕಡ್ಡಿ, ನಳಿಕೆ ಎರಡೂ ಪ್ರತಿ ಗಿಡಕ್ಕೆ ಹೊಸದಾಗಿರಬೇಕು, ಬೆರಳೂ ಒರೆಸಿಕೊಳ್ಳಬೇಕು. ಅಂದಿನಿಂದ ನಾನು ಬಿಟಿ ಅಲ್ಲದ ಗಿಡದಿಂದಲೇ ಶುರು ಮಾಡುತ್ತೇನೆ. ಅಲ್ಲಿ ಒಂದೇ ಗೆರೆ ಬಂದರೆ ಮಾತ್ರ ಮುಂದಕ್ಕೆ.

ಬೀಜವನ್ನೂ ಹೀಗೆ ಪರೀಕ್ಷಿಸಬಹುದು, ಆದರೆ ಒಂದೊಂದೇ ಬೀಜ ಅರೆಯಿರಿ. ಹತ್ತು ಬೀಜ ಒಟ್ಟಿಗೆ ಅರೆದರೆ ಹತ್ತರಲ್ಲಿ ಒಂದಕ್ಕೆ ಬಿಟಿ ಇದ್ದರೂ ಗೆರೆ ಮೂಡಿ ಮೋಸ ಹೋಗುತ್ತೀರಿ. ಪಟ್ಟಿ ಹೇಳದ ಸಂಗತಿಗಳೂ ಇವೆ: ತಳಿ ಯಾವುದು, ಎಷ್ಟು ಮೊಳೆಯುತ್ತದೆ, ಇಳುವರಿ ಎಷ್ಟು. ‘ಕಳೆನಾಶಕ ಹೊಡೆದರೂ ಸಾಯಲ್ಲ’ ಎಂದು ಕದ್ದು ಮಾರುವ ಬೀಜವನ್ನು ಕ್ರೈ ಪಟ್ಟಿ ಗುರುತಿಸದು, ಅದರ ಪ್ರೊಟೀನ್ ಬೇರೆ, ಪಟ್ಟಿಯೂ ಬೇರೆ. ಆ ಹತ್ತಿಗೆ ದೇಶದಲ್ಲಿ ಅನುಮತಿಯೇ ಇಲ್ಲ. ಬಿಲ್ಲಿಲ್ಲದೆ ಕೊಂಡ ಬೀಜ ಕೈಕೊಟ್ಟರೆ ಕೇಳಲು ಜಾಗವೂ ಇಲ್ಲ.

ಹೆಜ್ಜೆ 6: ಕಾಳು ಎಣಿಸಿ, ಹುಳು ತಿಳಿಯಿರಿ

ಎರಡು ಬಟ್ಟಲು ತೆಗೆದುಕೊಂಡು ಪ್ರತಿಯೊಂದರಲ್ಲೂ 20 ತೊಗರಿ, 20 ಕಡಲೆ ಬೆರೆಸಿ. ತೊಗರಿ ಅಂದರೆ ಬಿಟಿ ಜೀನ್, ಕಡಲೆ ಅಂದರೆ ಅದಿಲ್ಲದ ಜಾಗ. ಹೈಬ್ರಿಡ್ ಗಿಡಕ್ಕೆ ಬಿಟಿ ಒಬ್ಬ ಪಾಲಕರಿಂದ ಮಾತ್ರ ಬಂದಿದ್ದರೆ ಅದರ ಪರಾಗದಲ್ಲೂ ಅಂಡದಲ್ಲೂ ಅರ್ಧರ್ಧ ಹಂಚಿಕೆ. ಕಣ್ಣು ಮುಚ್ಚಿ ಎರಡೂ ಬಟ್ಟಲಿನಿಂದ ಒಂದೊಂದು ಕಾಳು ತೆಗೆದು ಜೋಡಿಸುತ್ತ ಹೋಗಿ. ನಲವತ್ತು ಜೋಡಿಯಲ್ಲಿ ಸುಮಾರು ಹತ್ತು ಕಡಲೆ-ಕಡಲೆ ಬರುತ್ತವೆ. ಅಂದರೆ ಬೀಜ ಇಟ್ಟು ಮರುವರ್ಷ ಬಿತ್ತಿದರೆ ನಾಲ್ಕರಲ್ಲಿ ಒಂದು ಗಿಡದಲ್ಲಿ ಆ ಜೀನ್ ಇರುವುದಿಲ್ಲ, ಉಳಿದ ಗುಣಗಳೂ ಚೆದುರುತ್ತವೆ. ಮೊಳೆಯುತ್ತದೆ, ಆದರೆ ಹೊಲ ಏಕರೂಪ ಇರುವುದಿಲ್ಲ.

ಈ ಲೆಕ್ಕ ಬೀಜ ಇಡುವವರಿಗೆ ಮಾತ್ರವಲ್ಲ. ಹೈಬ್ರಿಡ್ ಗಿಡದ ಕಾಯೊಳಗಿನ ಬೀಜಗಳು ಆ ವರ್ಷವೇ ಹೀಗೆ ಹಂಚಿಹೋಗಿರುತ್ತವೆ. ಗುಲಾಬಿ ಕಾಯಿಕೊರಕ ಕಾಯಿಯೊಳಗೆ ಕೂತು ತಿನ್ನುವುದು ಬೀಜವನ್ನೇ. ಕೆಲವು ಬೀಜದಲ್ಲಿ ವಿಷ, ಕೆಲವದರಲ್ಲಿ ಇಲ್ಲ. ಜೊತೆಗೆ ಗಿಡಕ್ಕೆ ವಯಸ್ಸಾದಂತೆ ಪ್ರೊಟೀನ್ ಪ್ರಮಾಣವೂ ಇಳಿಯುತ್ತದೆ, ಈ ಹುಳು ಜೋರಾಗುವುದೂ ಬೆಳೆಯ ಕೊನೆಗೆ. ಅರೆಬರೆ ವಿಷ ತಿಂದು ಬದುಕುವ ಹುಳುಗಳಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ಬೇಕೆ? ಈಗ ಎರಡು ಜೀನಿನ ಬೀಜಕ್ಕೂ ಅದು ಜಗ್ಗುತ್ತಿಲ್ಲ.

ಪ್ಯಾಕೆಟ್ಟಿನ ಜೊತೆ ಹಿಂದೆ 450 ಗ್ರಾಂ ಬಿಟಿಗೆ 120 ಗ್ರಾಂ ಬಿಟಿ ಅಲ್ಲದ ಬೀಜದ ಚೀಟಿ ಬರುತ್ತಿತ್ತು. ಅದನ್ನು ಸುತ್ತಲೂ ಬಿತ್ತಬೇಕಿತ್ತು. ಹೆಚ್ಚಿನವರು ಅದನ್ನು ಬದುವಿಗೆ ಎಸೆದರು. ಅದರ ಕೆಲಸ ಏನೆಂದು ಯಾರೂ ಕೂರಿಸಿ ಹೇಳಲಿಲ್ಲ. ಆ ಗಿಡಗಳಲ್ಲಿ ಬಿಟಿಗೆ ಸಾಯುವ ಸಾದಾ ಪತಂಗಗಳು ಬೆಳೆಯುತ್ತವೆ. ಬಿಟಿಯನ್ನು ಗೆದ್ದು ಬಂದ ಅಪರೂಪದ ಪತಂಗ ಇವುಗಳ ಜೊತೆ ಕೂಡಿದರೆ ಮರಿಗಳಲ್ಲಿ ತೊಗರಿ-ಕಡಲೆಯ ಹಾಗೆ ಬೆರಕೆ, ನಿರೋಧಕತೆ ಅಡಗಿಹೋಗಿ ಮರಿ ಬಿಟಿಗೆ ಸಾಯುತ್ತದೆ. ಗೆದ್ದದ್ದಕ್ಕೆ ಗೆದ್ದದ್ದೇ ಜೋಡಿ ಸಿಕ್ಕರೆ ಮರಿಗಳೆಲ್ಲ ಗೆದ್ದವೇ. ಈ ಸಲ ತೊಗರಿ ಅಂದರೆ ನಿರೋಧಕತೆ, ಕಡಲೆ ಅಂದರೆ ಅದಿಲ್ಲದ್ದು ಎಂದಿಟ್ಟುಕೊಂಡು, ಬಟ್ಟಲಲ್ಲಿ ಕಡಲೆ ತೆಗೆದುಹಾಕಿ ಮತ್ತೆ ಆಡಿ ನೋಡಿ.

ಹೊಲದಲ್ಲಿ ಮಾಡಬೇಕಾದ್ದು: ಎಕರೆಗೆ ಐದು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ಹಾಕಿ ದಿನಾ ಎಣಿಸಿ. ಬಲೆಗೆ ಎಂಟರಂತೆ ಸತತ ಮೂರು ರಾತ್ರಿ ಪತಂಗ ಬಿದ್ದರೆ ಆಗ ಔಷಧಿಯ ಯೋಚನೆ. ದಳಗಳು ಅರಳದೆ ಗುಲಾಬಿ ಮೊಗ್ಗಿನಂತೆ ಮುದುಡಿದ ಹೂ ಕಂಡರೆ ಕಿತ್ತು ಸುಡಿ. ಬೆಲೆ ಬರಲಿ ಎಂದು ಫೆಬ್ರುವರಿ, ಮಾರ್ಚ್‌ವರೆಗೂ ಬೆಳೆ ಎಳೆಯಬೇಡಿ.

ಹೆಜ್ಜೆ 7: ಹೊರಗಿನ ಜೀನ್ ಇಲ್ಲದ ತಿದ್ದುಪಡಿ

ತುಂಗಭದ್ರಾ ಕಾಲುವೆ ಕೆಳಗೆ ಸಿಂಧನೂರು, ಗಂಗಾವತಿ, ಸಿರಗುಪ್ಪ ಕಡೆಯ ಹುಡುಗರಿಗೆ ಹತ್ತಿಗಿಂತ ಭತ್ತ ಹತ್ತಿರದ್ದು. ಅವರಿಗಾಗಿ ಈ ಹೆಜ್ಜೆ. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಾಂಟಿಯೆ ತೋರಿಸಿಕೊಟ್ಟ ಕ್ರಿಸ್ಪರ್ ಕೂಡ ಕತ್ತರಿಯೇ. ಇಕೋ ಆರ್ ಒನ್ ಆರು ಅಕ್ಷರ ಕಂಡಲ್ಲೆಲ್ಲ ಕತ್ತರಿಸಿದರೆ, ಇದಕ್ಕೆ ಸುಮಾರು ಇಪ್ಪತ್ತು ಅಕ್ಷರದ ವಿಳಾಸ ಬರೆದುಕೊಡಬಹುದು. ಅಷ್ಟು ಉದ್ದದ ವಿಳಾಸ ಇಡೀ ಬರಹದಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಕತ್ತರಿಸಿದ ಜಾಗವನ್ನು ಜೀವಕೋಶ ತಾನೇ ಹೊಲಿಯುವಾಗ ಒಂದೆರಡು ಅಕ್ಷರ ತಪ್ಪುತ್ತದೆ, ಎರಡನೇ ಹೆಜ್ಜೆಯಲ್ಲಿ ‘ಮ’ ಬಿದ್ದುಹೋಯಿತಲ್ಲ, ಹಾಗೆ. ಜೀನ್ ಕೆಲಸ ನಿಲ್ಲಿಸುತ್ತದೆ.

2025ರ ಮೇನಲ್ಲಿ ಹೀಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಪ್ರಕಟಿಸಿತು. ಒಂದು ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಅಂದರೆ ‘ಕಮಲಾ’. ಅದರ ತಾಯಿ ತಳಿ ಸಾಂಬಾ ಮಸೂರಿ, ನಮ್ಮವರ ಬಾಯಲ್ಲಿ ‘ಬಿಪಿಟಿ’. ತೆನೆಯಲ್ಲಿ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಒಂದು ಜೀನನ್ನು ತಿದ್ದಿದ್ದಾರೆ. ಬೇರೆ ಜೀವಿಯ ಜೀನ್ ಏನೂ ಉಳಿದಿಲ್ಲ. ಇಂಥ ತಿದ್ದುಪಡಿಯ ಗಿಡಗಳಿಗೆ 2022ರಲ್ಲೇ ಕುಲಾಂತರಿ ನಿಯಮಗಳ ಮುಖ್ಯ ಕಲಮುಗಳಿಂದ ವಿನಾಯಿತಿ ಕೊಟ್ಟಿದ್ದಾರೆ. ವಿನಾಯಿತಿ ಇಷ್ಟು ಸಲೀಸಾಗಿ ಇರಬೇಕೇ ಎಂಬ ಜಗಳ ನಡೆದೇ ಇದೆ.

ಕಳೆದ ಸಲ ಇಷ್ಟು ಹೇಳಿ ಮುಗಿಸುವಾಗ ಕಾರಟಗಿ ಕಡೆಯ ಹುಡುಗಿ ಎದ್ದು ನಿಂತಳು. "ಸರ್, ಈ ನೆಲ್ಲಿನ ಎಲಿ ಅರದು ಪಟ್ಟಿ ಇಳಿಸಿದ್ರ ಎರಡನೇ ಗೆರಿ ಬರ್ತದೇನ್ರಿ?"

ಬರುವುದಿಲ್ಲ. ಪಟ್ಟಿ ಹಿಡಿಯುವುದು ಹೊರಗಿನಿಂದ ಬಂದ ಪ್ರೊಟೀನನ್ನು, ಇಲ್ಲಿ ಹಾಗೆ ಬಂದದ್ದೇನೂ ಇಲ್ಲ. ಆ ಜಾಗದ ಡಿಎನ್‌ಎಯನ್ನು ಪಿಸಿಆರ್‌ನಿಂದ ಹೆಚ್ಚಿಸಿ, ಬಿಪಿಟಿಯ ಬರಹದ ಪಕ್ಕದಲ್ಲಿಟ್ಟು, ಅಕ್ಷರ ಅಕ್ಷರ ಓದಿ ಹೋಲಿಸಬೇಕು. ಅವಳು ಕೂತು, ಕತ್ತರಿಸಿ ಅಂಟಿಸಿದ್ದ ಕಾಗದದ ಪಟ್ಟಿಯನ್ನು ಬ್ಯಾಗಿನಿಂದ ಮತ್ತೆ ಹೊರತೆಗೆದಳು.